ನಾಲ್ಕು ಗಂಟೆ ಕೆಲಸದ ಮೇಡಂ

ನಮ್ಮ ಲೈಬ್ರರಿ ಮೇಡಂ ಓದುತ್ತಾ ಕುಳಿತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಐದು ವರ್ಷ ದಿನಾ ಹೋಗಿದ್ದೇನೆ. ಸುತ್ತಲೂ ಅಷ್ಟು ಪುಸ್ತಕ ಇಟ್ಟುಕೊಂಡು ಈಕೆ ಒಂದನ್ನೂ ತೆರೆಯುವುದಿಲ್ಲವಲ್ಲ, ಇವರಿಗೆ ಓದು ಎಂದರೆ ಆಗುವುದಿಲ್ಲವೇನೋ ಎಂದು ನನಗೆ ಕುತೂಹಲ. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದವನು ನಾನು. ತಯಾರಾಗಿ ಬಂದ ಬಿಡಿಭಾಗವನ್ನು ಅಳೆದು ಇದು ಪಾಸು, ಇದು ರಿಜೆಕ್ಟು ಎನ್ನುವುದೇ ನನ್ನ ಕೆಲಸ. ನಿವೃತ್ತನಾದ ಮೇಲೆ ಅಳೆಯಲು ಬೇರೇನೂ ಸಿಗದೆ ಮನುಷ್ಯರನ್ನು ಅಳೆಯಲು ಕೂತಿದ್ದೆ ಅಂತ ಕಾಣುತ್ತದೆ.

ಕಳೆದ ತಿಂಗಳು ಅವರೂ ನಿವೃತ್ತರಾದರು. ಅವರ ಹೆಸರು ಬರೆಯುವುದಿಲ್ಲ. ನಮ್ಮೂರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ನಮಗೆಲ್ಲ ಮೇಡಂ, ಗಾರೆ ಕೆಲಸದವರಿಗೆ ಅಕ್ಕಾರು.

ತುಮಕೂರು ರಸ್ತೆಯಲ್ಲಿ ಮಾಕಳಿ ದಾಟಿ ಒಳಕ್ಕೆ ತಿರುಗಿದರೆ ನಮ್ಮೂರು. ಹಿಂದೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಈಗ ಗೋಡೌನುಗಳು, ಅವುಗಳ ಹಿಂದೆ ಸಾಲು ಸಾಲು ಬಾಡಿಗೆ ರೂಮುಗಳು. ಪಂಚಾಯಿತಿ ಕಚೇರಿಯ ಹಿಂಬದಿಯಲ್ಲಿ ನೀರಿನ ಟ್ಯಾಂಕಿನ ಪಕ್ಕ ಎರಡು ಕೋಣೆಯ ಶೀಟಿನ ಕಟ್ಟಡವೇ ಲೈಬ್ರರಿ. ಮುಂದಿನ ಕೋಣೆಯಲ್ಲಿ ಉದ್ದನೆಯ ಎರಡು ಮೇಜು, ಬೆಂಚುಗಳು; ಒಳಗಿನ ಸಣ್ಣ ಕೋಣೆಯಲ್ಲಿ ಪುಸ್ತಕದ ಬೀರುಗಳು, ಒಂದು ಫ್ಯಾನು.

ನಮ್ಮಿಬ್ಬರ ಪರಿಚಯ ಜಗಳದಿಂದಲೇ ಶುರುವಾಯಿತು. ಪತ್ರಿಕೆಯ ಪದಬಂಧವನ್ನು ನಾನು ಪೆನ್ನಿನಲ್ಲಿ ತುಂಬುತ್ತಿದ್ದೆ. ಮೂರನೆಯ ದಿನ ಅವರು ಬಂದು ಪಕ್ಕದಲ್ಲಿ ನಿಂತರು.

"ಸಾರ್, ನೀವು ಬರೆದ್ಬಿಟ್ರೆ ಆಮೇಲೆ ಬರೋರು ಏನ್ ಬರೀಬೇಕು?"

"ಯಾರು ಬರೀತಾರೆ ಮೇಡಂ ಇಲ್ಲಿ?"

"ಯಾರೂ ಬರೀದೇ ಇರ್ಬಹುದು. ಜಾಗ ಖಾಲಿ ಇರ್ಬೇಕಲ್ಲ."

ಮರುದಿನದಿಂದ ನಾನು ನೋಟುಬುಕ್ಕಿನಲ್ಲಿ ಚೌಕ ಗೀಚಿಕೊಂಡು ಬರೆಯತೊಡಗಿದೆ. ಆಮೇಲೂ ಒಂದು ವಾರ ಅವರು ನನ್ನ ಕೈ ಮೇಲೆ ಕಣ್ಣಿಟ್ಟಿದ್ದರು.

ಮಾತು ಕಡಿಮೆ. ಯಾರಾದರೂ ಗದ್ದಲ ಮಾಡಿದರೆ ಬೈಯುತ್ತಿರಲಿಲ್ಲ. ಪೆನ್ನಿನ ಮುಚ್ಚಳದಿಂದ ಮೇಜನ್ನು ಎರಡು ಸಲ ಕುಟ್ಟುತ್ತಿದ್ದರು, ಅಷ್ಟೇ. ಓದಿದ ಪುಸ್ತಕವನ್ನು ನಾವು ಬೀರುವಿಗೆ ವಾಪಸು ಇಡಹೋದರೆ ಮಾತ್ರ ಸಿಟ್ಟು ಬರುತ್ತಿತ್ತು. "ಟೇಬಲ್ ಮೇಲೆ ಬಿಡಿ, ನೀವು ಜೋಡಿಸ್ಬೇಡಿ. ತಪ್ಪು ಜಾಗದಲ್ಲಿಟ್ಟ ಪುಸ್ತಕ ಕಳ್ದೋದ ಪುಸ್ತಕಕ್ಕೆ ಸಮ." ಬೆಳಿಗ್ಗೆ ಪತ್ರಿಕೆಗಳನ್ನು ಹಾಳೆ ಹಾಳೆಯಾಗಿ ಬಿಡಿಸಿ ಹಂಚುತ್ತಿದ್ದರು, ಒಂದು ಪತ್ರಿಕೆಯನ್ನು ಆರು ಜನ ಒಟ್ಟಿಗೆ ಓದಬಹುದು. ಸಂಜೆ ಎಲ್ಲವನ್ನೂ ಪುಟದ ಸಂಖ್ಯೆ ನೋಡಿ ಮತ್ತೆ ಕೂಡಿಸಿ, ಮಡಿಕೆಯಲ್ಲಿ ಸೂಜಿ ದಾರದಿಂದ ಎರಡು ಹೊಲಿಗೆ ಹಾಕಿಡುತ್ತಿದ್ದರು. ಇದನ್ನು ನಾನು ದಿನಾ ನೋಡುತ್ತಿದ್ದೆ. ಅದೊಂದು ಕೆಲಸ ಎಂದು ಮಾತ್ರ ನನಗೆ ಅನ್ನಿಸಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಬುಧವಾರ ಹೋದರೆ ಬಾಗಿಲಿಗೆ ಬೀಗ. ಮೇಲೆ ಅವರದೇ ದುಂಡನೆಯ ಅಕ್ಷರದಲ್ಲಿ ಒಂದು ಹಾಳೆ: "ನಾವು ಮುಷ್ಕರದಲ್ಲಿದ್ದೇವೆ. ಯಾಕೆ ಎಂದು ಕೇಳುವವರು ಜಿಲ್ಲಾ ಕಚೇರಿ ಮುಂದೆ ಬಂದು ಕೇಳಬಹುದು."

ಕೇಳುವುದಕ್ಕೆ ಯಾರೂ ಹೋಗಲಿಲ್ಲ. ಬಾಗಿಲ ಮುಂದೆ ನಿಂತು ಗೊಣಗಿದೆವು. ವಿಷಯ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಅವರದು ಹದಿನೆಂಟು ವರ್ಷದಿಂದ ಅರೆಕಾಲಿಕ ಕೆಲಸ. ಕಾಗದದ ಮೇಲೆ ದಿನಕ್ಕೆ ನಾಲ್ಕು ಗಂಟೆ. ಬೆಳಿಗ್ಗೆ ಎರಡು, ಸಂಜೆ ಎರಡು. ಈಗ, ಮುಂದಿನ ತಿಂಗಳಿಂದ ರಾತ್ರಿ ಎಂಟರವರೆಗೂ ಲೈಬ್ರರಿ ತೆರೆದಿರಬೇಕೆಂದು ಮೇಲಿನಿಂದ ಆದೇಶ ಬಂದಿತ್ತು. ಕಾಗದದ ಮೇಲಿನ ನಾಲ್ಕು ಗಂಟೆ ಹಾಗೇ ಉಳಿದಿತ್ತು. ಹೀಗಾಗಿ ಸುತ್ತಮುತ್ತಲ ಊರುಗಳ ಲೈಬ್ರರಿಯವರೆಲ್ಲ ಒಟ್ಟಾಗಿ ಬೀಗ ಹಾಕಿ ಧರಣಿ ಕೂತಿದ್ದರು. ಪೂರ್ತಿ ದಿನದ ಕೆಲಸ ಮಾಡಿಸುತ್ತಿದ್ದೀರಿ, ಪೂರ್ತಿ ದಿನದ ಕೆಲಸ ಎಂದು ಬರೆದುಕೊಡಿ ಎನ್ನುವುದು ಅವರ ಬೇಡಿಕೆ.

ಎಲ್ಲರಿಗಿಂತ ಹೆಚ್ಚು ಕಂಗಾಲಾದವನು ಯಾದಗಿರಿ ಕಡೆಯವನೊಬ್ಬ. ವಯಸ್ಸು ಇಪ್ಪತ್ತೆಂಟು. ಗೋಡೌನಿನಲ್ಲಿ ರಾತ್ರಿ ಪಾಳಿಯಲ್ಲಿ ಲೋಡಿಂಗ್, ಹಗಲು ಲೈಬ್ರರಿಯಲ್ಲಿ ಪೊಲೀಸ್ ಪರೀಕ್ಷೆಗೆ ಓದು. ವಯಸ್ಸಿನ ಮಿತಿ ಮುಗಿಯುತ್ತಾ ಬಂದಿತ್ತು. ಪರೀಕ್ಷೆಗೆ ಮೂರು ವಾರ ಉಳಿದಿತ್ತು.

"ಹಿಂಗ್ ಮಾಡಿದ್ರ ಹ್ಯಾಂಗ್ರಿ ಸರ? ರೂಮಿನ್ಯಾಗ ಆರು ಮಂದಿ ಇದೀವ್ರಿ. ಮಲಗಾಕ ಪಾಳಿ ಹಚ್ಚೀವಿ. ಎಲ್ಲಿ ಕುಂತು ಓದ್ಲಿ?"

ಲೈಬ್ರರಿಯ ಎದುರು ಮನೆ ಗೌಡರದು. ಪಂಚಾಯಿತಿ ಸದಸ್ಯರು, ಮೂವತ್ತು ಬಾಡಿಗೆ ರೂಮುಗಳ ಯಜಮಾನರು. ಅವರು ಗೇಟಿನ ಹತ್ತಿರ ನಿಂತು ನಕ್ಕರು. "ಅದೇನ್ ಮಾ ಕೆಲ್ಸ ಸಾರ್? ಬೀಗ ತೆಗ್ಯಾದು, ಬೀಗ ಆಕಾದು. ಪಂಚಾಯ್ತೀಲಿ ಇನ್ನೊಂದು ಕೀ ಐತೆ, ಈಸ್ಕೊಡ್ತೀನಿ. ನೀವ್ ರಿಟೇರ್ಡು, ಎಂಗೂ ದಿನಾ ಬತ್ತೀರಿ. ಸುಮ್ನೆ ಕೂತ್ಕಳಿ."

ನಾನು ಒಪ್ಪಿದೆ. ಆ ಯಾದಗಿರಿಯವನ ಮುಖ ನೋಡಿ ಒಪ್ಪಿದೆ ಎಂದು ಆಗ ಹೇಳಿಕೊಂಡಿದ್ದೆ. ನಿಜ ಏನೆಂದರೆ ಯಾರೋ ನನಗೊಂದು ಕುರ್ಚಿ ಕೊಟ್ಟರಲ್ಲ ಎಂಬ ಖುಷಿ ಅದರಲ್ಲಿತ್ತು. ಜೊತೆಗೆ ಕುತೂಹಲವೂ ಇತ್ತು. ಮೇಡಂ ದಿನವಿಡೀ ಅಲ್ಲಿ ಏನು ಮಾಡುತ್ತಾರೆ, ನೋಡೇಬಿಡೋಣ ಎಂದುಕೊಂಡೆ. ಕಾರ್ಖಾನೆಯ ಅಭ್ಯಾಸ; ಒಂದು ಹಾಳೆಯಲ್ಲಿ ಬಂದ ಸಮಯ, ಹೋದ ಸಮಯ, ಮಾಡಿದ ಕೆಲಸ ಎಂದು ಮೂರು ಗೆರೆ ಎಳೆದುಕೊಂಡು ಕುಳಿತೆ.

ಮೊದಲ ದಿನ ಎಂಟಕ್ಕೆ ಬೀಗ ತೆಗೆದೆ. ಎಂಟೂವರೆಯಷ್ಟರಲ್ಲಿ ಐದು ಪತ್ರಿಕೆಯ ಹಾಳೆಗಳನ್ನು ಹಂಚಿದ್ದೆ. ಹತ್ತಕ್ಕೆಲ್ಲ ಅವು ಒಂದಕ್ಕೊಂದು ಬೆರೆತು, ಒಂದರ ಮುಖಪುಟಕ್ಕೆ ಇನ್ನೊಂದರ ಕ್ರೀಡಾಪುಟ ಅಂಟಿಕೊಂಡಿತ್ತು. ಯಾರೋ ಕುಡಿಯುವ ನೀರು ಕೇಳಿದರು. ಡ್ರಮ್ಮು ಖಾಲಿ. ಟ್ಯಾಂಕಿನ ನಲ್ಲಿಯಿಂದ ದಿನಾ ನಾಲ್ಕು ಬಿಂದಿಗೆ ಹೊತ್ತು ತುಂಬುತ್ತಿದ್ದವರು ಮೇಡಮ್ಮೇ ಎಂದು ಆಗ ತಿಳಿಯಿತು.

ಮಧ್ಯಾಹ್ನ ಗಾರೆ ಕೆಲಸದವನೊಬ್ಬ ಸಿಮೆಂಟಿನ ಕಾಲನ್ನು ಹೊರಗೇ ಒರೆಸಿಕೊಂಡು ಬಂದ. ಕೊಪ್ಪಳದವನು. ಫೋನು ಮುಂದೆ ಹಿಡಿದ. "ಮಗಳ ಸಾಲಿಯಿಂದ ಕಳ್ಸ್ಯಾರ್ರಿ. ಏನ್ ಬರದಾರ, ಓದ್ರಿ ಸರ."

ಓದಿ ಹೇಳಿದೆ. ಶನಿವಾರ ಪೋಷಕರ ಸಭೆ ಇತ್ತು. ಅವನು ಹೋಗಲಿಲ್ಲ, ನಿಂತೇ ಇದ್ದ.

"ಏನಪ್ಪಾ?"

"ಅಕ್ಕಾರು ಎರಡು ಸಲ ಓದ್ತಾರ್ರಿ. ಒಮ್ಮೆ ಓದಿದ್ರ ನನಗ ತಲ್ಯಾಗ ಕುಂದ್ರಂಗಿಲ್ಲ."

ಎರಡನೆಯ ಸಲ ನಿಧಾನವಾಗಿ ಓದಿದೆ.

ಸಂಜೆ ಆರಕ್ಕೆ ಹದಿನೈದು ನಿಮಿಷ ಇರುವಾಗ ಗಾರ್ಮೆಂಟ್ಸ್ ಕೆಲಸ ಮುಗಿಸಿ ನಾಲ್ವರು ಹೆಂಗಸರು ಬಾಗಿಲಿಗೆ ಬಂದರು. ನನ್ನನ್ನು ನೋಡಿ ನಿಂತರು.

"ಮೇಡಂ ಇಲ್ವಾ ಸಾರ್?"

"ನಾನಿದ್ದೀನಲ್ಲಮ್ಮ, ಬನ್ನಿ."

ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಟುಹೋದರು. ಮರುದಿನವೂ ಅಷ್ಟೇ. ಮೂರನೆಯ ದಿನದಿಂದ ಬರುವುದನ್ನೇ ಬಿಟ್ಟರು. ಇದು ನನ್ನನ್ನು ಬಹಳ ಕೊರೆಯಿತು. ನನ್ನಲ್ಲಿ ಏನು ದೋಷ? ಕೊನೆಗೆ ಅವರಲ್ಲಿ ಒಬ್ಬಾಕೆ ತರಕಾರಿ ಗಾಡಿಯ ಹತ್ತಿರ ಸಿಕ್ಕಾಗ ಕೇಳಿಯೇಬಿಟ್ಟೆ. ಆಕೆ ಸೊಪ್ಪು ಆರಿಸುತ್ತಲೇ ಹೇಳಿದಳು. ಮೇಡಂ ಆ ಹೊತ್ತಿಗೆ ಒಳಕೋಣೆಯನ್ನು ಇವರಿಗೆಂದೇ ಖಾಲಿ ಮಾಡಿಡುತ್ತಿದ್ದರು. ಬಾತ್‌ರೂಮಿಗೆ ಹೋಗಬೇಕೆಂದರೆ ಎದುರಿನ ಗೌಡರ ಮನೆಯಮ್ಮನಿಗೆ ಮೊದಲೇ ಹೇಳಿಟ್ಟಿದ್ದರು. ಆಮೇಲೆ ಇಪ್ಪತ್ತು ನಿಮಿಷ ಫ್ಯಾನಿನ ಕೆಳಗೆ ಕೂತು ವಾರಪತ್ರಿಕೆ.

"ಮನೆಗೋದ್ರೆ ಒಲೆ ಮುಂದೇನೇ ಸಾರ್. ಅಲ್ಲಿ ಇಪ್ಪತ್ ನಿಮಿಷ ಯಾರೂ ನಮ್ಮುನ್ನ ಏನೂ ಕೇಳಲ್ಲ."

ಮೂರು ವರ್ಷ ಮುಂದಿನ ಕೋಣೆಯಲ್ಲಿ ಕೂತಿದ್ದರೂ ಒಳಕೋಣೆಯಲ್ಲಿ ಇಷ್ಟೆಲ್ಲ ನಡೆಯುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ಆರು ದಿನದಲ್ಲಿ ನಾನೂ ಒಂದು ಪುಟ ಓದಲಿಲ್ಲ. ಪದಬಂಧದ ಒಂದು ಚೌಕವನ್ನೂ ತುಂಬಲಿಲ್ಲ. ದಿನಾ ಏಳು ಗಂಟೆ ದಾಟಿ ಮನೆ ಸೇರಿದರೆ ಹೆಂಡತಿ, "ಫ್ಯಾಕ್ಟ್ರೀಲಿದ್ದಾಗ್ಲೇ ಬೇಗ ಬರ್ತಿದ್ರಿ" ಎಂದಳು.

ಆರನೆಯ ದಿನ ಸಂಜೆ ಮೇಡಮ್ಮೇ ಬಂದರು. ಇಡೀ ದಿನ ಬಿಸಿಲಲ್ಲಿ ಕೂತು ಬಂದ ಮುಖ. ಓದುಗರ ಬೆಂಚಿನ ತುದಿಯಲ್ಲಿ ಕುಳಿತರು. ನಾನು ಅವರ ಕುರ್ಚಿಯಲ್ಲಿದ್ದೆ. ಏಳಬೇಕೋ ಬೇಡವೋ ತಿಳಿಯಲಿಲ್ಲ.

"ಕೂತ್ಕೊಳ್ಳಿ ಸಾರ್, ಪರವಾಗಿಲ್ಲ. ಎಷ್ಟೊತ್ತಿಗೆ ಬಂದ್ರಿ ಇವತ್ತು?"

"ಎಂಟಕ್ಕೆ."

"ಹೋಗೋದು?"

"ಏಳಾಗುತ್ತೆ."

"ಮಧ್ಯಾಹ್ನ ಊಟಕ್ಕೆ ಬೀಗ ಹಾಕ್ಕೊಂಡು ಹೋಗ್ತೀರಾ?"

"ಇಲ್ಲ ಮೇಡಂ. ಜನ ಇರ್ತಾರಲ್ಲ. ಇಲ್ಲೇ ಡಬ್ಬಿ ತರ್ತೀನಿ."

ಅವರು ಮೇಜಿನ ಮೇಲಿನ ಹಾಳೆಗಳನ್ನು ನೋಡಿದರು. ಕೈ ತಾನಾಗಿ ಜೋಡಿಸಲು ಹೋಯಿತು, ಹಿಂದಕ್ಕೆಳೆದುಕೊಂಡರು. "ಬಾಗ್ಲು ತೆಗೀಬೇಡಿ ಅಂತ ನಾನು ಹೇಳಲ್ಲ ಸಾರ್. ಓದೋರಿಗೆ ಕಷ್ಟ ಆಗ್ತಿದೆ, ಗೊತ್ತು. ಆದ್ರೆ ನೀವು ಇದನ್ನ ಪುಕ್ಕಟೆ ಮಾಡಿದ್ರೆ, ನಾನು ಹದಿನೆಂಟು ವರ್ಷ ಮಾಡಿದ್ದೂ ಪುಕ್ಕಟೆ ಕೆಲ್ಸನೇ ಅಂತ ಆಗೋಗತ್ತೆ. ನೋಡಿ, ಯಾರೋ ಒಬ್ರು ಟೈಂಪಾಸಿಗೆ ಮಾಡ್ತಾರೆ, ಇದಕ್ಯಾಕೆ ಇವ್ರೆಲ್ಲ ಬೇಕು ಅಂತ ಅಲ್ಲಿ ಆಗ್ಲೇ ಮಾತು ಶುರುವಾಗಿದೆ. ನಮ್ಮೂರಿನ ಉದಾಹರಣೇನೇ ಕೊಡ್ತಿದಾರೆ."

ಹಿಂದೊಮ್ಮೆ ನಮ್ಮ ಕಾರ್ಖಾನೆಯ ಕೆಲಸಗಾರರು ಗೇಟಿನ ಹೊರಗೆ ಕೂತಿದ್ದಾಗ, ಸ್ಟಾಫ್ ಎನಿಸಿಕೊಂಡ ನಾವು ಕೆಲವರು ಒಳಗೆ ಮಷೀನು ಓಡಿಸಿದ್ದೆವು. ಮೇಲಿನವರು ಹೇಳಿದರು, ಮಾಡಿದೆವು. ಒಳಗೆ ಹೋಗುವಾಗ ಗೇಟಿನ ಬಳಿ ಪರಿಚಯದವರ ಮುಖ ನೋಡದೆ ನಡೆದಿದ್ದೆ. ಅವರಲ್ಲಿ ಯಾರೂ ಹೀಗೆ ಬಂದು ಎದುರಿಗೆ ಕೂತು ಮಾತಾಡಿರಲಿಲ್ಲ.

"ಕೀ ನಾಳೆನೇ ವಾಪಸ್ ಕೊಟ್ಬಿಡ್ತೀನಿ ಮೇಡಂ."

"ಕೊಡಿ. ಅದಕ್ಕಿಂತ ಮುಂಚೆ ಒಂದ್ ಉಪಕಾರ ಮಾಡಿ." ಅವರು ನನ್ನ ಮೂರು ಗೆರೆಯ ಹಾಳೆಗಳನ್ನು ತೋರಿಸಿದರು. ಯಾವಾಗ ಗಮನಿಸಿದ್ದರೋ. "ಇದನ್ನ ನೀಟಾಗಿ ಬರ್ದು ಸೈನ್ ಹಾಕಿ ಕೊಡಿ. ನಾವು ಹನ್ನೊಂದು ಗಂಟೆ ಅಂದ್ರೆ ನಂಬಲ್ಲ. ಹೊಟ್ಟೆಪಾಡಿಗೆ ಸುಳ್ಳು ಹೇಳ್ತಾರೆ ಅಂತಾರೆ. ನೀವು ಹೇಳಿದ್ರೆ ನಂಬ್ತಾರೆ. ನಿಮಗೇನು ಆಗ್ಬೇಕಾಗಿದೆ ಇದರಿಂದ?"

ಅಲ್ಲಿಯವರೆಗೆ ನಾನು ಅವರನ್ನು ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ. ಅವರು ನನ್ನನ್ನು ಯಾವಾಗಲೋ ಅಳೆದು ಮುಗಿಸಿದ್ದರು.

ಮರುದಿನ ಕೀ ಕೊಡಲು ಹೋದಾಗ ಗೌಡರು ಸಿಡುಕಿದರು. "ಇದೇನ್ ಸಾರ್, ವಾರ ತುಂಬಲಿಲ್ಲ, ಆಗ್ಲೇ ಬ್ಯಾಸ್ರ ಬಂದೋಯ್ತಾ?"

ನಾನು ಉತ್ತರ ಕೊಡುವ ಮೊದಲೇ ಒಳಗಿಂದ ಗೌಡರ ಮನೆಯಮ್ಮ ಬಂದರು. "ಬ್ಯಾಸ್ರ ಅಲ್ಲ ಕಣ್ರೀ, ಬುದ್ಧಿ ಬಂತು. ಆಯಮ್ಮ ದಿನಾ ಬಿಂದ್ಗೆ ಒರೋದು ನಾನ್ ನೋಡಿಲ್ವಾ? ಅಬ್ಬದ್ ದಿನಾನೂ ಬಾಗ್ಲು ತೆಗ್ದವಳೆ. ನೀವ್ ಒಂದಿನ ಆ ಕೆಲ್ಸ ಮಾಡಿ ನೋಡವ." ಆಮೇಲೆ ನನ್ನ ಕಡೆ ತಿರುಗಿ, "ಓದೋ ಐಕ್ಳು ನಮ್ ಜಗ್ಲಿ ಮ್ಯಾಲೆ ಕೂತ್ಕಳ್ಳಿ. ಲೈಬ್ರರಿ ಬೀಗ ಅಂಗೇ ಇರ್ಲಿ" ಎಂದರು.

ಗೌಡರು ಗೇಟಿನ ಕಡೆ ನೋಡುತ್ತಾ ನಿಂತರು. ಆಮೇಲೆ ಕೀ ಜೇಬಿಗೆ ಹಾಕಿಕೊಂಡು ಜಗಲಿಯ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದರು.

ಹಾಗೆ ಜಗಲಿಯ ಓದು ಶುರುವಾಯಿತು. ಅವರವರ ಪುಸ್ತಕ ಅವರವರು ತರಬೇಕು. ಯಾದಗಿರಿಯವನಿಗೆ ಇದು ಸಾಲದು. ಅವನಿಗೆ ಬೇಕಾದ ದಪ್ಪ ಪುಸ್ತಕಗಳೆಲ್ಲ ಬೀಗದ ಒಳಗಿದ್ದವು. "ನಿಮಗ ಪೆನ್ಶನ್ ಬರ್ತದ್ರಿ ಸರ," ಎಂದು ನನ್ನ ಮೇಲೆ ರೇಗಿದ. "ನೀವು ಕೀ ಕೊಟ್ಟು ದೊಡ್ಡವ್ರಾಗ್ತೀರಿ. ನನಗ ಇದ ಒಂದ ಪರೀಕ್ಷಾ ಅದ." ಮೇಡಂಗೆ ಹೇಳಿದೆ. ಮರುದಿನ ಧರಣಿಯಿಂದ ಬರುತ್ತಾ ಅವರು ಅವನನ್ನು ಹುಡುಕಿಕೊಂಡು ರೂಮಿನವರೆಗೆ ಹೋದರಂತೆ. ಏನು ಮಾತಾಡಿದರೋ ಗೊತ್ತಿಲ್ಲ. ಅವನು ಹೇಳಿದ್ದಿಷ್ಟೇ: "ಬೀಗ ತೆಗೀತೀನಿ ಅನ್ಲಿಲ್ರಿ. ತಪ್ಪಾತು ಅಂತನೂ ಅನ್ಲಿಲ್ಲ. ನಿನಗ ತ್ರಾಸ ಆಗ್ಲಿಕತ್ತದ ಅಂತ ನನಗ ಗೊತ್ತದ ಅಂದ್ರು. ಅಷ್ಟ ಹೇಳಾಕ ಅಷ್ಟು ದೂರ ನಡ್ಕೋತ ಬಂದಿದ್ರು."

ಮುಷ್ಕರದ ಹದಿನೈದನೆಯ ದಿನ ನಮ್ಮೂರಿಂದ ಮೂವತ್ತು ಜನ ಧರಣಿಗೆ ಹೋದೆವು. ಗಾರ್ಮೆಂಟ್ಸ್ ಹೆಂಗಸರು ಒಂದು ದಿನದ ರಜೆ ಹಾಕಿದರು. ಕೊಪ್ಪಳದ ಗಾರೆಯವನು ಕೂಲಿ ಬಿಟ್ಟು ಬಂದ. ಗಾಡಿ ಗೌಡರದು, ಅವರು ಬರಲಿಲ್ಲ, ಮನೆಯಮ್ಮ ಬಂದರು. ಯಾದಗಿರಿಯವನು ಹಿಂದಿನ ಸೀಟಿನಲ್ಲಿ ನೋಟ್ಸು ಬಿಡಿಸಿಕೊಂಡು ಕೂತಿದ್ದ.

ಅಧಿಕಾರಿಯೊಬ್ಬರು ನನ್ನ ವರದಿಯನ್ನು ಓದಿದರು. "ನೀವ್ಯಾರು?"

"ಆರು ದಿನ ಇವರ ಕೆಲಸ ಮಾಡಿದವನು ಸಾರ್."

"ಎಂಟರ ಆದೇಶ ಇನ್ನೂ ಜಾರಿಗೇ ಬಂದಿಲ್ಲ, ನಾಲ್ಕು ಗಂಟೆ ಅಂತ ಇದೆಯಲ್ಲ. ಹನ್ನೊಂದು ಗಂಟೆ ಯಾಕೆ ಕೂತಿದ್ರಿ? ಬೀಗ ಹಾಕ್ಕೊಂಡು ಹೋಗ್ಬೇಕಿತ್ತು. ಬೇಡ ಅಂದೋರ್ಯಾರು?"

"ಜನ ಬರ್ತಾನೇ ಇದ್ರು ಸಾರ್."

"ಅದೇ ನೋಡಿ. ಯಾರೂ ಹೇಳ್ದೇನೇ ಮಾಡಿ, ಆಮೇಲೆ ನಮ್ಮನ್ನ ಕೇಳಿದ್ರೆ?"

ಅವರು ಕೆಟ್ಟ ಮನುಷ್ಯರಾಗಿರಲಿಲ್ಲ. ಮಾತು ನ್ಯಾಯವಾದದ್ದೇ ಅನ್ನುವ ಹಾಗಿತ್ತು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಮೇಡಂ ನೆಲ ನೋಡುತ್ತಿದ್ದರು. ಅವರ ಮುಖ ಅಷ್ಟು ಪೆಚ್ಚಾದದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಆಗ ಗೌಡರ ಮನೆಯಮ್ಮ ಮುಂದೆ ಬಂದರು. "ಬೀಗ ಆಕಿದ್ರೆ ಇವರ್ಯಾರೂ ಇಲ್ಲಿಗ್ ಬತ್ತಿರ್ಲಿಲ್ಲ ಸ್ವಾಮಿ. ಬೀಗ ಆಕ್ದೇ ಇದ್ದುದ್ಕೇ ನಿಮ್ ಲೈಬ್ರರಿಗೆ ಜನ ಅವ್ರೆ. ಅದ್ನೂ ಬರ್ಕಳಿ."

ಅಧಿಕಾರಿ ಬರೆದುಕೊಂಡರೋ ಇಲ್ಲವೋ ಗೊತ್ತಿಲ್ಲ. ಇಪ್ಪತ್ತೆರಡನೆಯ ದಿನ ಮುಷ್ಕರ ಮುಗಿಯಿತು. ಎಂಟು ಗಂಟೆಯ ಕೆಲಸ ಎಂದು ಕಾಗದದ ಮೇಲೆ ಬಂತು. ಸಂಬಳವೂ ಅದಕ್ಕೆ ತಕ್ಕಂತೆ. ಕಾಯಂ ಮಾಡುವ ಮಾತನ್ನು ಮುಂದೆ ನೋಡೋಣ ಎಂದರು. ಅದನ್ನು ಇನ್ನೂ ನೋಡುತ್ತಲೇ ಇದ್ದಾರೆ. ರಾತ್ರಿ ಎಂಟರ ಆದೇಶ ಹೋಯಿತು. ಸಮಯವನ್ನು ಊರವರ ಅನುಕೂಲಕ್ಕೆ ಬಿಟ್ಟರು. ಬೆಳಿಗ್ಗೆ ಹತ್ತಕ್ಕೋ ಹನ್ನೊಂದಕ್ಕೋ ಎಂಬ ಚರ್ಚೆ ಬಂದಾಗ ಮೇಡಂ ಗಾರ್ಮೆಂಟ್ಸ್ ಹೆಂಗಸರನ್ನು ಕೇಳಿ ಹನ್ನೊಂದರಿಂದ ಏಳು ಎಂದು ಬರೆಸಿದರು.

ಯಾದಗಿರಿಯವನು ಆ ಸಲ ಪರೀಕ್ಷೆಯಲ್ಲಿ ಪಾಸಾಗಲಿಲ್ಲ. ಮುಷ್ಕರದಿಂದ ಹೀಗಾಯಿತೆಂದು ಅವನು ಒಂದು ದಿನವೂ ಅನ್ನಲಿಲ್ಲ, ಅಲ್ಲವೆಂದೂ ಅನ್ನಲಿಲ್ಲ. ಈಗ ಅದೇ ಗೋಡೌನಿನಲ್ಲಿ ಹಗಲು ಪಾಳಿಯ ಸೂಪರ್‌ವೈಸರ್. ಸಂಜೆ ಬೇರೆ ಯಾವುದೋ ಪರೀಕ್ಷೆಗೆ ಓದುತ್ತಾನೆ. ಮೇಡಂ ಒಮ್ಮೆ ನೀರಿನ ಡ್ರಮ್ಮಿನ ಹತ್ತಿರ ನಿಂತು ನನ್ನೊಬ್ಬನಿಗೇ ಕೇಳುವಂತೆ, "ಅವನ ಒಂದು ವರ್ಷ ನನ್ನ ಲೆಕ್ಕಕ್ಕೆ ಬಂತು ಸಾರ್" ಎಂದರು. ಸಮಾಧಾನ ಹೇಳಲು ಹೋದೆ. ಬೇಡ ಎಂಬಂತೆ ಕೈ ಎತ್ತಿದರು.

ಎಂಟು ಗಂಟೆ ಸಿಕ್ಕಿತು ನಿಜ, ಅದನ್ನು ಪಾಲಿಸಲು ಅವರಿಗೆ ಬರಲಿಲ್ಲ. ಹನ್ನೊಂದು ಎಂದರೆ ಒಂಬತ್ತೂವರೆಗೇ ಬಾಗಿಲು ತೆರೆದಿರುತ್ತಿತ್ತು. ಏಳಾದ ಮೇಲೂ ಯಾರಾದರೂ ಪುಟ ತಿರುವುತ್ತಿದ್ದರೆ ಅವರು ಸೂಜಿ ದಾರ ಹಿಡಿದುಕೊಂಡು ಸುಮ್ಮನೆ ಕೂತಿರುತ್ತಿದ್ದರು. ಆ ಯಾರಾದರೂ ಬಹುಪಾಲು ನಾನೇ ಆಗಿರುತ್ತಿದ್ದೆ.

ಕೊನೆಯ ದಿನ ಅವರ ಜಾಗಕ್ಕೆ ನೆಲಮಂಗಲದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದಳು. ಬೀಳ್ಕೊಡುಗೆ ಎಂದು ಏನೂ ಇರಲಿಲ್ಲ. ಹಾರ ತಂದಿದ್ದೆವು, ಹಾಕಿಸಿಕೊಳ್ಳಲಿಲ್ಲ. ಮಧ್ಯಾಹ್ನವೆಲ್ಲ ಬೀರುಗಳನ್ನು ತೋರಿಸಿದರು, ರಿಜಿಸ್ಟರು ತೋರಿಸಿದರು, ಹಾಳೆ ಬಿಡಿಸುವುದು, ಹೊಲಿಯುವುದು ತೋರಿಸಿದರು. ಏಳು ಗಂಟೆಯಾಯಿತು. ಮೇಜಿನ ಸುತ್ತ ಹತ್ತು ಹನ್ನೆರಡು ಜನ ಇದ್ದೆವು. ಯಾರೂ ಅಲುಗಲಿಲ್ಲ. ಆ ಹುಡುಗಿ ಗಡಿಯಾರ ನೋಡಿದಳು, ನಮ್ಮನ್ನು ನೋಡಿದಳು, ಮತ್ತೆ ಸೂಜಿಗೆ ದಾರ ಪೋಣಿಸತೊಡಗಿದಳು.

ಮೇಡಂ ಅವಳ ಕೈಯಿಂದ ಸೂಜಿ ತೆಗೆದು ಡಬ್ಬಿಗೆ ಹಾಕಿದರು.

"ಏಳಾಯ್ತು. ಹೇಳಮ್ಮ ಇವ್ರಿಗೆ."

"ಹಿರಿಯರು ಓದ್ತಿದಾರೆ ಮೇಡಂ..."

"ಓದ್ತಾನೇ ಇರ್ತಾರೆ. ನಂಗೆ ಹೇಳೋಕೆ ಬರ್ಲಿಲ್ಲ, ನೀನಾದ್ರೂ ಕಲಿ. ಇವತ್ತು ನಾನ್ ಪಕ್ಕದಲ್ಲಿದೀನಿ, ಇವತ್ತೇ ಹೇಳು."

ಅವಳು ಎದ್ದು ನಿಂತಳು. "ಸಾರ್, ಟೈಂ ಆಯ್ತು. ಬಾಗ್ಲು ಹಾಕ್ತೀನಿ."

ಎಲ್ಲರೂ ಮೇಡಂ ಕಡೆ ನೋಡಿದರು. ಅವರು ಯಾರನ್ನೂ ನೋಡಲಿಲ್ಲ. ನಾನು ಓದುತ್ತಿದ್ದ ವಾಕ್ಯ ಅರ್ಧಕ್ಕೆ ಬಂದಿತ್ತು. ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಎಲ್ಲರಿಗಿಂತ ಮೊದಲು ಎದ್ದೆ.